ಕಣ್ಣು ಮುಚ್ಚಿಸಿ ಹೊರಟ ವ್ಯಾನು

ಸಿಟ್ಟು ಬರಿಸಿದರೂ ನನ್ನವಳೇ ಆದ ಮೋನಿಷಾಗೆ,

ಈ ವರ್ಷದ ಶಿಬಿರಕ್ಕೆ ಬೊಂಬೆ ಚೀಲ ಕೊಡು, ಬೊಂಬೆ ಚೀಲ ಕೊಡು ಅಂತ ನಿನ್ನೆಯಿಂದ ವಾಯ್ಸ್ ಮೆಸೇಜ್ ಹಾಕುತ್ತಲೇ ಇದ್ದೀಯ. ಚೀಲ ನಮ್ಮ ಮಂಚದ ಕೆಳಗೇ ಇದೆ. ಇಲಿ ಕಚ್ಚಿಲ್ಲ, ಹೆದರಬೇಡ. ಆದರೆ ಕೊಡುವ ಮೊದಲು ನಿನಗೆ ಒಂದು ಮಾತು ಹೇಳಬೇಕು. ಎದುರು ನಿಂತು ಹೇಳಲು ನನ್ನಿಂದ ಆಗುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಪ್ರಶ್ನೆಯನ್ನೂ ಕೇಳಿ ಉತ್ತರವನ್ನೂ ಹೇಳಿ ಮುಗಿಸಿರುತ್ತೀಯ. ಅದಕ್ಕೇ ಕಾಗದ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಬರೆದದ್ದು, ಅಕ್ಷರ ನೋಡಿ ನಗದೆ ಕೊನೆಯವರೆಗೆ ಓದು.

ಹೋದ ವರ್ಷ ನಾನು ಚಾಮರಾಜಪೇಟೆಯ ಟೈಲರ್ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚಿಕೊಂಡು ತೆಪ್ಪಗಿದ್ದೆ. ನಿಮ್ಮ ಚರ್ಚಿನವಳೂ ಅಲ್ಲ. ನಮ್ಮ ಮನೆಯ ಗೋಡೆಯಲ್ಲಿರುವುದು ಬುದ್ಧನ ಪಟ. ನೀನೇ ಬಂದು ಹಟ ಹಿಡಿದೆ. ಶ್ರೀಲಂಕಾದ ಟೀ ತೋಟದ ಮಕ್ಕಳಿಗೆ ಒಂದು ವಾರ ಶಿಬಿರ ಮಾಡ್ತೀವಿ, ಆ ಮಕ್ಕಳು ಆಡೋದು ತಮಿಳು, ನೀನು ಓಕಳಿಪುರಂನಲ್ಲಿ ಬೆಳೆದವಳು, ತಮಿಳೂ ಬರುತ್ತೆ, ಬೊಂಬೆನೂ ಹೊಲೀತೀಯ ಅಂದೆ. ‘ಮಾತೇ ಆಡದವಳನ್ನ ಕರ್ಕೊಂಡು ಹೋಗಿ ಏನೇ ಮಾಡ್ತೀಯ?’ ಅಂತ ನಮ್ಮ ಹನುಮಕ್ಕಜ್ಜಿ ಕೇಳಿದ್ದಕ್ಕೆ, ‘ಪರದೆ ಹಿಂದೆ ಕೂರಿಸ್ತೀನಿ ಅಜ್ಜಿ, ಇವಳ ಮುಖ ದೇವರಿಗೂ ಕಾಣಲ್ಲ’ ಅಂದೆ. ಅಜ್ಜಿ ನಕ್ಕುಬಿಟ್ಟಳು. ನನ್ನನ್ನು ಯಾರೂ ಕೇಳಲಿಲ್ಲ.

ಅಲ್ಲಿ ನಿನ್ನ ಕೈಯಲ್ಲಿ ನನಗೆ ಸಾಕುಸಾಕಾಯಿತು. ಒಂದೇ ಬಣ್ಣದ ಟೀ ಶರ್ಟು, ಊಟಕ್ಕೆ ಮುಂಚೆ ಫೋಟೋ, ಊಟ ಆದಮೇಲೆ ಫೋಟೋ. ಮಗು ಜಾರಿ ಬಿದ್ದರೆ ಎತ್ತುವವರು ಒಬ್ಬರು, ಎತ್ತುವುದನ್ನು ಫೋಟೋ ಹೊಡೆಯುವವರು ಇಬ್ಬರು. ಆದರೆ ಸುಳ್ಳು ಯಾಕೆ ಹೇಳಲಿ, ಆ ಚಳಿಯಲ್ಲಿ ಬಿಸಿನೀರು ಕಾಯಿಸಿ ಎಲ್ಲ ಮಕ್ಕಳ ತಲೆಯ ಹೇನು ತೆಗೆದವಳೂ ನೀನೇ. ಅದಕ್ಕೇ ನಿನ್ನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಆಗದೆ ಒದ್ದಾಡುತ್ತೇನೆ.

ನನ್ನ ಟವೆಲ್ ಬಟ್ಟೆಯ ಕುರಿಮರಿ ಅಲ್ಲಿ ದೊಡ್ಡ ಮನುಷ್ಯನಾಗಿಬಿಟ್ಟಿತು. ಪರದೆಯ ಹಿಂದೆ ಕೂತರೆ ನನಗೂ ಧೈರ್ಯ. ಕುರಿಮರಿಯ ಬಾಯಲ್ಲಿ ಹಾಡಿದೆ, ಜಗಳ ಆಡಿದೆ, ನಿನ್ನನ್ನೇ ಅಣಕಿಸಿದೆ. ಆಗ ಪರದೆಯನ್ನು ಸರಿಸಿ ಒಳಗೆ ಬಂದವಳು ನಿರೋಷಾ. ಸ್ಕೂಲಿಗೆ ಆಗತಾನೇ ಸೇರಿದ ಪುಟಾಣಿ, ಮುಂದಿನ ಹಲ್ಲು ಬಿದ್ದಿತ್ತು. ನನ್ನನ್ನು ನೋಡಿದಳು, ಕೈಯಲ್ಲಿದ್ದ ಕುರಿಮರಿಯನ್ನು ನೋಡಿದಳು, ಯಾರಿಗೂ ಹೇಳಲಿಲ್ಲ. ದಿನಾ ಬಂದು ಅದಕ್ಕೆ ರೊಟ್ಟಿ ತಿನ್ನಿಸುತ್ತಿದ್ದಳು. ಚೂರೆಲ್ಲ ನನ್ನ ಅಂಗಿಯ ತೋಳಿನೊಳಗೆ. ‘ಇದಕ್ಕೆ ಹೊಟ್ಟೆ ತುಂಬೋದೇ ಇಲ್ವಾ ಅಕ್ಕ?’ ಅಂತ ನನ್ನನ್ನೇ ಬೈಯುತ್ತಿದ್ದಳು.

ಕೊನೆಯ ದಿನ ನಮ್ಮನ್ನೆಲ್ಲ ಅಡುಗೆಮನೆ ಹತ್ತಿರ ಕರೆದು ನೀನು ಹೇಳಿದ್ದು ನೆನಪಿದೆಯಾ? ‘ಕೊನೇ ಪ್ರಾರ್ಥನೆ ಉದ್ದ ಮಾಡ್ತೀನಿ. ಮಕ್ಕಳು ಕಣ್ಣು ಮುಚ್ಚಿರ್ತಾರೆ. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಒಬ್ಬೊಬ್ಬರೇ ವ್ಯಾನಿಗೆ ಹೋಗಿ. ಆಮೇಲೆ ಇಲ್ಲಿನ ಸ್ಕೂಲಿನ ಪುಷ್ಪರಾಣಿ ಟೀಚರ್ ಮುಂದುವರಿಸ್ತಾರೆ, ನಾನೂ ಬಂದ್ಬಿಡ್ತೀನಿ. ಎಲ್ಲಾ ಕಡೆ ನಾವು ಹೀಗೇ ಮಾಡೋದು. ಅಳು ಇಲ್ಲ, ರಂಪ ಇಲ್ಲ.’

ಹೇಳಿ ಹೋಗೋಣ ಕಣೆ ಅಂತ ನಾನು ಅಂದೆ. ಆ ವಾರ ಪರದೆಯ ಈಚೆ ನಾನು ಆಡಿದ್ದು ಅದೊಂದೇ ಮಾತು. ನೀನು ಏನಂದೆ? ‘ಬರ್ತೀವಿ ಅಂದ್ರೆ ಸುಳ್ಳಾಗುತ್ತೆ ಬಿಂದು. ಮುಂದಿನ ಸಲ ಬೇರೆ ಊರು. ದೇವರ ಮುಂದೆ ಸುಳ್ಳು ಹೇಳ್ಲಾ?’ ಅಲ್ಲ ಮೋನಿಷಾ, ಸುಳ್ಳು ಹೇಳಬಾರದು, ಕದ್ದು ಓಡಬಹುದು. ಇದು ಯಾವ ಲೆಕ್ಕ? ಕೊನೆಗೆ ನೀನು ಹೇಳಿದ ಹಾಗೇ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಾನೂ ವ್ಯಾನು ಹತ್ತಿದೆ.

ಪುಷ್ಪರಾಣಿ ಟೀಚರ್ ಫೋನ್ ಮಾಡಿದ್ದನ್ನು ನಿನಗೆ ಹೇಳಿದ್ದೆ. ನೀನು ಅರ್ಧ ಕೇಳಿದೆ. ಈಗ ಪೂರ್ತಿ ಓದು. ನಿರೋಷಾ ಈಗ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವುದಿಲ್ಲ. ಬಾಗಿಲ ಹತ್ತಿರವೇ ಕೂರುತ್ತಾಳೆ, ಬಾಗಿಲನ್ನೇ ನೋಡುತ್ತಾಳೆ. ಕಣ್ಣಾಮುಚ್ಚಾಲೆಗೂ ಬರುವುದಿಲ್ಲ. ಅವರಮ್ಮ ತಲೆಗೆ ಸೋಪು ಹಾಕಿದರೂ ಕಣ್ಣು ಬಿಟ್ಟುಕೊಂಡೇ ಇರುತ್ತಾಳಂತೆ. ಉರಿ ಉರಿ ಅಂತ ಕಿರುಚುತ್ತಾಳೆ, ಮುಚ್ಚು ಅಂದರೆ ಅಮ್ಮನ ಕೈ ಹಿಡಿದುಕೊಂಡು ‘ನೀನೂ ಹೋಗ್ಬಿಡ್ತೀಯ’ ಅನ್ನುತ್ತಾಳೆ. ಟೀಚರ್ ಇದನ್ನು ಹೇಳಿದಾಗ ನಾನು ಅಂಗಡಿಯಲ್ಲಿದ್ದೆ. ಯಾರದೋ ರೇಷ್ಮೆ ಸೀರೆಗೆ ಫಾಲ್ ಅಂಚನ್ನು ಬಿಟ್ಟು ಸೆರಗಿಗೆ ಹಚ್ಚಿಬಿಟ್ಟೆ.

ನೀನು ಕಳಿಸಿದ್ದು ಕೈ ಮುಗಿದ ಚಿತ್ರ. ‘ಪಾಪ, ಪ್ರೇಯರ್‌ನಲ್ಲಿ ಇಡೋಣ.’ ಆ ಮಗುವಿಗೆ ಕಣ್ಣು ಮುಚ್ಚಲು ಭಯ, ಅದಕ್ಕೆ ನೀನು ಇಲ್ಲಿ ಕಣ್ಣು ಮುಚ್ಚಿಕೊಂಡು ಕೂರುತ್ತೀಯ. ನನ್ನ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಅಜ್ಜಿಗೆ ಹೇಳಿದೆ. ಅವಳು, ‘ಗ್ಯಾಸ್ ಸಿಲಿಂಡರ್ ತಂದುಕೊಡೋ ಹುಡುಗನೂ ಬರ್ತೀನಜ್ಜಿ ಅಂತ ಹೇಳಿ ಹೋಗ್ತಾನೆ, ಇವರಿಗೇನು ಬಂತು ದೊಡ್ಡರೋಗ?’ ಅಂದಳು.

ಈ ಸಲವೂ ಅದೇ ಗುಡ್ಡದ ಕಡೆ, ಬೇರೆ ತೋಟ ಅಂತ ಹೇಳಿದೆಯಲ್ಲ. ದಾರಿಯನ್ನು ಟೀಚರ್ ಹತ್ತಿರ ಕೇಳಿ ತಿಳಿದುಕೊಂಡೆ. ವ್ಯಾನು ನಿರೋಷಾ ಮನೆಯ ಕೆಳಗಿನ ರಸ್ತೆಯಲ್ಲೇ ಹೋಗುತ್ತದೆ. ಅಲ್ಲಿ ನಿಲ್ಲಿಸಬೇಕು. ಫೋಟೋ ಬೇಡ, ಟೀ ಶರ್ಟು ಬೇಡ. ನಾನು ಪರದೆ ಇಲ್ಲದೆ, ಕುರಿಮರಿಯನ್ನು ಕೈಗೆ ಹಾಕಿಕೊಂಡು ಅವಳ ಎದುರು ನಿಲ್ಲುತ್ತೇನೆ. ಅವಳು ಅದಕ್ಕೆ ರೊಟ್ಟಿ ತಿನ್ನಿಸಲಿ. ಆಮೇಲೆ ಪಕ್ಕದಲ್ಲಿ ನೀನೂ ಕೂತು ನಿಜ ಹೇಳು: ನಾವು ಹೋಗ್ತಿದೀವಿ ಪುಟ್ಟಿ, ಮತ್ತೆ ಬರೋದು ಗೊತ್ತಿಲ್ಲ. ಅವಳು ಅಳುತ್ತಾಳೆ. ಅಳಲಿ. ಅತ್ತು ಮುಗಿಯುವವರೆಗೆ ಅಲ್ಲೇ ಇರೋಣ. ಅವಳು ನೋಡುತ್ತಿರುವಾಗಲೇ ವ್ಯಾನು ಹತ್ತೋಣ. ಹೊಸ ತೋಟದ ಮಕ್ಕಳ ಹತ್ತಿರವೂ ಹೀಗೇ ಹೇಳಿ ಹೊರಡಬೇಕು.

ಒಪ್ಪಿದರೆ ಬೊಂಬೆ ಚೀಲವೂ ಬರುತ್ತದೆ, ನಾನೂ ಬರುತ್ತೇನೆ. ಒಪ್ಪದಿದ್ದರೆ ಬಲೂನು ಊದಿಕೊಂಡು ನೀನೊಬ್ಬಳೇ ಹೋಗು.

ಉತ್ತರವನ್ನು ವಾಯ್ಸ್ ಮೆಸೇಜಿನಲ್ಲಿ ಕಳಿಸಬೇಡ, ಮನೆಗೆ ಬಾ. ಅಜ್ಜಿ ಬೈಯುತ್ತಾಳೆ, ಬೈಸಿಕೊಂಡು ಕಾಫಿ ಕುಡಿ. ನಿನ್ನ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಆ ಮಗು ಕಣ್ಣು ಮುಚ್ಚಿಕೊಂಡು ತಲೆ ತೊಳೆಸಿಕೊಳ್ಳುವ ದಿನ ಬೇಗ ಬರಲಿ.

ಬರ್ತೀನಿ ಕಣೆ,
ಬಿಂದು