ಒಸಾರೋನ ಎಡಗಾಲಿನ ಅಳತೆ

13 ಜನವರಿ 2025, ಸೋಮವಾರ

ಬೆಳಿಗ್ಗೆಯಿಂದ ಹನ್ನೆರಡು ಜನರ ಪಾದದ ಗಂಟಿಗೆ ಟೇಪ್ ಸುತ್ತಿದ್ದೇ ಕೆಲಸ. ಬೆರಳೆಲ್ಲ ಅಂಟು ಅಂಟು. ದುಬೈಯ ಈ ಕ್ಲಬ್ಬಿನ ಇಡೀ ಬಾಸ್ಕೆಟ್‌ಬಾಲ್ ಟೀಮಿಗೆ ಫಿಸಿಯೋ ನಾನೊಬ್ಬನೇ. ಇನ್ನೊಬ್ಬನನ್ನು ಕೊಡಿ ಎಂದು ಮೂರು ವರ್ಷದಿಂದ ಕೇಳುತ್ತಿದ್ದೇನೆ. ‘ಇನ್‌ಶಾ ಅಲ್ಲಾ’ ಎನ್ನುತ್ತಾರೆ. ಈ ಜನ್ಮದಲ್ಲಿ ಇಲ್ಲ ಎಂದು ನಾನೇ ಅರ್ಥ ಮಾಡಿಕೊಂಡಿದ್ದೇನೆ.

ನಮ್ಮ ಫಾರಿನ್ ಪ್ಲೇಯರ್ ಒಸಾರೋನ ಮಂಡಿಯ ಗಾಯ ಚೆನ್ನಾಗಿ ಮಾಗಿದೆ. ಆದರೆ ಆಪರೇಶನ್ ಆದ ಕಾಲಿನ ತೊಡೆ ಸೊರಗಿ ಹೋಗಿದೆ. ಬಲ ತೊಡೆ 58 ಸೆಂಟಿಮೀಟರ್, ಎಡದ್ದು 54. ಮಂಡಿಚಿಪ್ಪಿನಿಂದ ಹತ್ತು ಸೆಂಟಿಮೀಟರ್ ಮೇಲೆ ಒಂದು ಚುಕ್ಕೆ ಇಟ್ಟು, ಅಲ್ಲೇ ಟೇಪ್ ಸುತ್ತಿ ಅಳೆಯುವುದು. ಅವನ ಕಪ್ಪು ಚರ್ಮದ ಮೇಲೆ ನೀಲಿ ಪೆನ್ನು ಕಾಣುವುದಿಲ್ಲ. ಬೆಳ್ಳಿ ಬಣ್ಣದ ಮಾರ್ಕರ್ ತಂದೆ. ಅದೂ ಎರಡು ಸ್ನಾನಕ್ಕೆ ಮಾಸುತ್ತದೆ. ಪ್ರತಿ ಸಲ ಸ್ಕೇಲ್ ಹಿಡಿದು ಕೂತರೆ ಉಳಿದವರ ಗತಿ? ಮಾರ್ಕರ್ ಅವನ ಕೈಗೇ ಕೊಟ್ಟೆ. ಮಾಸಿದಾಗ ಅದರ ಮೇಲೇ ತೀಡಿಕೋ ಎಂದೆ.

ಕೋಚ್ ಲೆಕ್ಕ ಸರಳ. ಫೆಬ್ರವರಿ ಮುಗಿಯುವುದರೊಳಗೆ ಎರಡು ತೊಡೆಯ ವ್ಯತ್ಯಾಸ ಒಂದು ಸೆಂಟಿಮೀಟರಿಗೆ ಇಳಿದರೆ ಒಸಾರೋ ಆಡುತ್ತಾನೆ. ಇಲ್ಲದಿದ್ದರೆ ಅವನ ಜಾಗಕ್ಕೆ ಬೇರೆ ಫಾರಿನ್ ಪ್ಲೇಯರ್, ಇವನಿಗೆ ಜೂನಿಯರ್ ಟೀಮಿನ ಕೋಚ್ ಕೆಲಸ. ಒಳ್ಳೆಯ ಕೆಲಸವೇ. ಒಸಾರೋಗೆ ಅದು ಬೇಡ.

20 ಜನವರಿ

ಎಡ ತೊಡೆ 54.5.

ವ್ಯಾಯಾಮದ ಮಧ್ಯೆ ಕಥೆ ಹೇಳಿದ. ಊರು ನೈಜೀರಿಯಾದ ಬೆನಿನ್ ಸಿಟಿ. ಅಪ್ಪ ಲಾರಿ ಮೆಕ್ಯಾನಿಕ್. ಶಾಲೆಯಲ್ಲಿ ಫುಟ್‌ಬಾಲ್ ಗೋಲ್‌ಕೀಪರ್. ಹದಿನಾಲ್ಕಕ್ಕೇ ಆರಡಿ ಮೂರಿಂಚು. ಡ್ರಿಲ್ ಮಾಸ್ತರು ಕಿವಿ ಹಿಡಿದು ಬಾಸ್ಕೆಟ್‌ಬಾಲ್ ಕೋರ್ಟಿಗೆ ತಂದು ನಿಲ್ಲಿಸಿದರಂತೆ. ಆ ಸೈಜಿನ ಶೂ ಇಡೀ ಪೇಟೆಯಲ್ಲಿ ಇಲ್ಲ. ಸಿಮೆಂಟ್ ನೆಲದ ಮೇಲೆ ಒಂದು ವರ್ಷ ಬರಿಗಾಲು. ಆಮೇಲೆ ಲಾಗೋಸ್, ಟ್ಯುನಿಸ್, ಬೈರೂತ್, ಬಾಗ್ದಾದ್, ಮನಾಮ, ಈಗ ದುಬೈ. ದೇಶದ ಟೀಮಿನ ಕ್ಯಾಂಪಿಗೆ ಒಮ್ಮೆ ಕರೆದಿದ್ದರು. ಹನ್ನೆರಡು ಜನ ಬೇಕಿತ್ತು, ಇವನು ಹದಿಮೂರನೆಯವನಾದ. ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ವಯಸ್ಸು ಮೂವತ್ತೈದು. ಹನ್ನೊಂದು ವರ್ಷದ ಮಗಳು ಅಪ್ಪನ ಆಟ ನೋಡಿದ್ದು ಫೋನಿನಲ್ಲಿ ಮಾತ್ರ. ಏಪ್ರಿಲ್‌ನಲ್ಲಿ ತಾಯಿಯ ಜೊತೆ ಇಲ್ಲಿಗೆ ಬರುತ್ತಾಳೆ. ‘ಏಪ್ರಿಲ್‌ನಲ್ಲಿ ನಾನು ಕೋರ್ಟಿನಲ್ಲಿರಬೇಕು, ಡಾಕ್’ ಎಂದ. ನಾನು ಡಾಕ್ಟರ್ ಅಲ್ಲ ಎಂದು ನೂರು ಸಲ ಹೇಳಿದ್ದೇನೆ. ಕೇಳುವ ಪೈಕಿ ಅಲ್ಲ.

3 ಫೆಬ್ರವರಿ

56! ಎರಡು ವಾರಕ್ಕೆ ಒಂದೂವರೆ ಸೆಂಟಿಮೀಟರ್. ಕೋಚ್ ಬೆನ್ನು ತಟ್ಟಿದ. ಇಲ್ಯಾಸ್‌ಗೂ ಸುದ್ದಿ ಹೋಗಿದೆ. ಉಪ್ಪಿನಂಗಡಿಯ ಬ್ಯಾರಿ, ಕ್ಲಬ್ಬಿನ ವೀಸಾ, ಕಾಗದಪತ್ರ ಎಲ್ಲ ನೋಡಿಕೊಳ್ಳುವವನು ಅವನೇ. ಕ್ರಿಶ್ಚಿಯನ್ ಅಂತ ನನ್ನನ್ನು ಪೊರ್ಬು ಎಂದೇ ಕರೆಯುವುದು.

‘ಎಂತ ಪೊರ್ಬುಗಳೇ, ನಿಮ್ಮ ಕೈಯಲ್ಲಿ ಎಂತದೋ ಉಂಟು ಮಾರ್ರೆ! ನನ್ನ ಸೊಂಟಕ್ಕೂ ಸ್ವಲ್ಪ ಹಾಕಿ.’

‘ನಿಮ್ಮ ಸೊಂಟಕ್ಕೆ ನಾನಲ್ಲ, ಕ್ರೇನ್ ಬೇಕು’ ಎಂದೆ. 

ಖುಷಿಯಾಯಿತು, ಸುಳ್ಳೇಕೆ. ಇಲ್ಲಿ ಮಾಡಿದ್ದಕ್ಕೆ ಯಾರು ಶಹಬ್ಬಾಸ್ ಎನ್ನುತ್ತಾರೆ?

9 ಫೆಬ್ರವರಿ, ಭಾನುವಾರ, ಅಬುಧಾಬಿ

ಹೆಂಡತಿ ಗ್ರೇಸಿ ಕೆಲಸ ಮಾಡುವ ಆಸ್ಪತ್ರೆ ಇಲ್ಲಿ, ನನ್ನ ಕೆಲಸ ದುಬೈಯಲ್ಲಿ. ವಾರಕ್ಕೆರಡು ದಿನ ಸಂಸಾರ. ಟೂರಿಸ್ಟ್ ಕ್ಲಬ್ ಏರಿಯಾದ ಈ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಲಿಶಾ ಇಣುಕಿ ನೋಡಿ, ‘ಡ್ಯಾಡ್, ವಾಟ್ ಆರ್ ದೀಸ್ ಜಿಲೇಬೀಸ್?’ ಎಂದಳು. ಮಗಳಿಗೆ ಕನ್ನಡ ಅಕ್ಷರ ಬಾರದೆ ಇರುವುದಕ್ಕೆ ಬೇಜಾರು. ಡೈರಿಗೆ ಬೀಗ ಬೇಡ, ಅಷ್ಟೇ ಲಾಭ.

17 ಫೆಬ್ರವರಿ

57. ಗುರಿ ಮುಟ್ಟಿದೆವು!

ಸಂಜೆ ಪ್ರಾಕ್ಟೀಸಿನಲ್ಲಿ ಒಸಾರೋ ಹತ್ತು ನಿಮಿಷ ಆಡಿದ. ಹಾರಿದವನು ಪ್ರತಿ ಸಲವೂ ಬಲಗಾಲಿನ ಮೇಲೇ ಇಳಿಯುತ್ತಾನೆ. ಹೆದರಿಕೆ ಇರಬಹುದು. ಮೆಲ್ಲಗೆ ಹೋಗುತ್ತದೆ.

24 ಫೆಬ್ರವರಿ, ಮಧ್ಯಾಹ್ನ 3

 

ಇನ್ಶೂರೆನ್ಸ್‌ನವರದ್ದು ಹೊಸ ಫಾರ್ಮ್. ಅಳತೆ ತೆಗೆದ ಜಾಗ ಮಂಡಿಚಿಪ್ಪಿನಿಂದ ಎಷ್ಟು ಮೇಲೆ — ಒಂದು ಕಾಲಂ. ಹತ್ತು ಎಂದು ಸುಮ್ಮನೆ ಬರೆಯಬಹುದಿತ್ತು. ಯಾಕೋ ಸ್ಕೇಲ್ ಇಟ್ಟೆ. ಬಲಗಾಲಿನ ಚುಕ್ಕೆ ಹತ್ತರಲ್ಲೇ ಇದೆ. ಎಡಗಾಲಿನದ್ದು ಹದಿನಾಲ್ಕರಲ್ಲಿ. ಮೇಲೆ ಹೋದಷ್ಟೂ ತೊಡೆ ದಪ್ಪ, ಮಗುವಿಗೂ ಗೊತ್ತು. ಸರಿಯಾದ ಜಾಗದಲ್ಲಿ ಅಳೆದೆ. 54.5. ಐದು ವಾರದ ಹಿಂದೆ ಇದ್ದಷ್ಟೇ.

‘ಈ ಚುಕ್ಕೆ ಯಾರು ಇಟ್ಟದ್ದು?’

ಒಸಾರೋ ನನ್ನ ಮುಖ ನೋಡಿದ. ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಇರಲಿಲ್ಲ. ‘ಈಗ ಯಾಕೆ ಕೇಳುತ್ತೀ, ಡಾಕ್?’ ಎಂದ.

ಈಗ ಯಾಕೆ ಅಂತೆ! ಕೆಂಡದಂಥ ಸಿಟ್ಟು ಬಂತು. ಟೇಪ್ ಎಸೆದೆ. ಈ ತೊಡೆ ಇಟ್ಟುಕೊಂಡು ಮ್ಯಾಚ್ ಆಡಿದರೆ ಮಂಡಿ ಪೂರ್ತಿ ಹೋಗುತ್ತದೆ, ಆಮೇಲೆ ನೆಟ್ಟಗೆ ನಡೆಯಲೂ ಆಗುವುದಿಲ್ಲ ಎಂದೆ.

‘ನಡೆಯುವುದು ಯಾರಿಗೆ ಬೇಕು? ಒಂದು ಏಪ್ರಿಲ್ ಸಾಕು ನನಗೆ.’

ಅದೇ ದಿನ, ಸಂಜೆ

ಗ್ರೇಸಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಇಪ್ಪತ್ತು ವರ್ಷದಿಂದ ನರ್ಸು ಅವಳು, ಬಿಡುತ್ತಾಳಾ.

‘ಅವ ಸುಳ್ಳು ಚುಕ್ಕೆ ಇಟ್ಟದ್ದು ಸರಿ. ಇಷ್ಟು ವಾರ ನೀನು ಎಂತ ನೋಡ್ತಾ ಇದ್ದದ್ದು?’

‘ಮಾರ್ಕರ್ ಅವನ ಹತ್ರ ಇತ್ತು.’

‘ಕೊಟ್ಟದ್ದು ಯಾರು? ಕಳ್ಳನ ಕೈಗೆ ಕೀಲಿ ಕೊಟ್ಟು ಈಗ ಬೊಬ್ಬೆ ಹೊಡೆದ್ರೆ ಆಯ್ತಾ?’

ಡ್ಯೂಟಿ ಇದೆ ಎಂದು ಫೋನ್ ಇಟ್ಟೆ. ಡ್ಯೂಟಿ ಇರಲಿಲ್ಲ.

26 ಫೆಬ್ರವರಿ

ಕೋಚ್‌ಗೆ ಮೇಲ್ ಕಳಿಸಿದೆ. ಆಟಗಾರ ತಾನೇ ಗುರುತು ಬದಲಿಸಿದ್ದರಿಂದ ಹಿಂದಿನ ಅಳತೆಗಳು ತಪ್ಪಾಗಿವೆ, ಸರಿಯಾದ ಅಳತೆ ಇಷ್ಟು. ಎರಡೇ ವಾಕ್ಯ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. 

ಮಾರ್ಕರಿನ ವಿಷಯ ಬರೆಯಲಿಲ್ಲ. ನಾನು ಮರು ಅಳತೆ ಮಾಡಲಿಲ್ಲ ಎಂದೂ ಬರೆಯಲಿಲ್ಲ. ನನ್ನ ಕಾಂಟ್ರ್ಯಾಕ್ಟ್ ರಿನ್ಯೂ ಆಗಬೇಕಾದದ್ದು ಮುಂದಿನ ತಿಂಗಳು. ಕೇಳಿದರೆ ಹೇಳುತ್ತೇನೆ. ಹೇಗೂ ಅವನಿಗೆ ಜೂನಿಯರ್ ಕೆಲಸ ಇದೆಯಲ್ಲ.

28 ಫೆಬ್ರವರಿ

ಯಾರೂ ಕೇಳಲಿಲ್ಲ. 

ಒಸಾರೋನನ್ನು ಟೀಮಿನಿಂದ ತೆಗೆದರು. ಅದು ಗೊತ್ತಿದ್ದದ್ದೇ. ಆದರೆ ಜೂನಿಯರ್ ಕೆಲಸವೂ ಇಲ್ಲ. ‘ಮೋಸ ಮಾಡುವವನ ಕೈಗೆ ಮಕ್ಕಳನ್ನು ಕೊಡುವುದು ಹೇಗೆ?’ ಎಂದ ಕೋಚ್. ಖಲಾಸ್. ವೀಸಾ ಕ್ಯಾನ್ಸಲ್ ಮಾಡಲು ಇಲ್ಯಾಸ್‌ಗೆ ಹೇಳಿಯಾಗಿದೆ. ಅವನ ಹೆಂಡತಿ, ಮಗಳ ವಿಸಿಟ್ ವೀಸಾ ಅರ್ಜಿಯನ್ನೂ ನಿಲ್ಲಿಸಿದರು. 

ನನಗೆ ಥ್ಯಾಂಕ್ಸ್ ಹೇಳಿದ ಕೋಚ್. ಪ್ರಾಮಾಣಿಕ ಮನುಷ್ಯ ಅಂತೆ.

12 ಮಾರ್ಚ್, ಬುಧವಾರ

ಎರಡು ವಾರ ಬರೆಯಲಿಲ್ಲ. ರಂಜಾನ್ ಅಂತ ಪ್ರಾಕ್ಟೀಸ್ ಸಮಯವೂ ಬದಲು. ಒಸಾರೋ ನನ್ನ ರೂಮಿನ ಕಡೆ ಬರಲೇ ಇಲ್ಲ. ಇವತ್ತು ಅವನ ಫ್ಲೈಟು. ಕ್ಲಬ್ಬಿನ ಡ್ರೈವರ್ ರಜೆ. ಅವನಿರುವ ಮಿರ್ದಿಫ್‌ನಿಂದ ಏರ್‌ಪೋರ್ಟ್ ಹತ್ತಿರ, ನಾನೇ ಬಿಡುತ್ತೇನೆ ಎಂದೆ. ಬೇಡ ಎನ್ನಬಹುದು ಅಂದುಕೊಂಡಿದ್ದೆ. ಬಂದ. ನನ್ನ ಚಿಕ್ಕ ಕಾರಿನಲ್ಲಿ ಆರಡಿ ಒಂಬತ್ತಿಂಚು ಹೇಗೋ ಮಡಚಿ ಕೂತ.

ಸಿಗ್ನಲ್ಲಿನಲ್ಲಿ ನಾನೇ ಕೇಳಿದೆ. ಯಾಕೆ ಹಾಗೆ ಮಾಡಿದೆ?

‘ಮೊದಲ ಸಲ ಒಂದು ಸೆಂಟಿಮೀಟರ್ ಸರಿಸಿದ್ದೆ. ಹೆದರಿಕೆಯಾಗಿತ್ತು. ನೀನು ಬಗ್ಗಿ ನೋಡಿದೆ, ಅಳೆದೆ, ಬರೆದುಕೊಂಡೆ. ಏನೂ ಹೇಳಲಿಲ್ಲ. ನಿನಗೆ ಗೊತ್ತಾಗಿದೆ ಅಂದುಕೊಂಡೆ, ಡಾಕ್. ಇಷ್ಟು ವರ್ಷದ ಅನುಭವ ಇರುವವನಿಗೆ ಗೊತ್ತಾಗದೆ ಇರುತ್ತದಾ? ಎಲ್ಲ ಗೊತ್ತಿದ್ದೂ ನನ್ನ ಮಗಳಿಗೋಸ್ಕರ ಸುಮ್ಮನಿದ್ದೀ ಅಂದುಕೊಂಡೆ. ಹದಿನೆಂಟು ವರ್ಷ, ಆರು ದೇಶ... ನನ್ನ ಪರ ಒಬ್ಬನಾದರೂ ಇದ್ದಾನೆ ಅಂತ ಮನೆಗೂ ಹೇಳಿದ್ದೆ.’

ಹಿಂದಿನಿಂದ ಹಾರ್ನ್ ಹೊಡೆದರು. ಗಾಡಿ ತೆಗೆದೆ. ನಾನು ಸುಮ್ಮನಿದ್ದದ್ದಲ್ಲ, ನೋಡಿಯೇ ಇರಲಿಲ್ಲ ಎಂದು ಹೇಳಬೇಕಿತ್ತು. ಟರ್ಮಿನಲ್ ಬಂತು. ಕೈ ಕುಲುಕಿದ. ಕುಂಟುತ್ತಾ ಒಳಗೆ ಹೋದ. ಹೇಳಲಿಲ್ಲ ನಾನು. ನಾಚಿಕೆಯಾಯಿತು, ಅಷ್ಟೇ.

ಸಂಜೆ 5.40

ಇಲ್ಯಾಸ್‌ಗೆ ಫೋನ್ ಮಾಡಿದೆ. ಜೂನಿಯರ್ ಕೋಚ್ ಜಾಗ ಇನ್ನೂ ಖಾಲಿ. ಕೋಚ್ ಮನಸ್ಸು ಬದಲಿಸಿದರೆ ಹೊಸ ವೀಸಾ ಹಾಕಬಹುದು. ನಾನು ಕೋಚ್‌ಗೆ ಬರೆಯಬೇಕೆಂದಿರುವುದನ್ನು ಹೇಳಿದೆ.

‘ಪೊರ್ಬುಗಳೇ, ಯೋಚನೆ ಮಾಡಿ. ಅವನದ್ದು ಸರಿ ಮಾಡ್ಲಿಕ್ಕೆ ಹೋಗಿ ನಿಮ್ಮದೂ ಕ್ಯಾನ್ಸಲ್ ಆದ್ರೆ? ಮಗಳ ಶಾಲೆ ಉಂಟು.’

‘ಯೋಚನೆ ಮಾಡಿದ್ರೆ ಬರೆಯುವುದಿಲ್ಲ ನಾನು.’

‘ಹಾಗಾದ್ರೆ ಬೇಗ ಬರೀರಿ ಮಾರ್ರೆ’ ಎಂದ.

ಲ್ಯಾಪ್‌ಟಾಪ್ ತೆರೆದರೆ ಧೈರ್ಯ ಬರುವುದಿಲ್ಲ. ಮೊದಲು ಇಲ್ಲೇ ಬರೆದು, ಆಮೇಲೆ ಇಂಗ್ಲಿಷಿಗೆ ಹಾಕುತ್ತೇನೆ.

ಡಿಯರ್ ಕೋಚ್, 

ಫೆಬ್ರವರಿ 26ರ ನನ್ನ ಮೇಲ್‌ನಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಬಿಟ್ಟುಹೋದದ್ದಲ್ಲ, ನಾನೇ ಬಿಟ್ಟದ್ದು. ಅಷ್ಟೂ ವಾರ ನಾನು ಒಂದು ಸಲವೂ ಸ್ಕೇಲ್ ಇಟ್ಟು ಚುಕ್ಕೆ ನೋಡಲಿಲ್ಲ. ಮಾರ್ಕರ್ ಅವನ ಕೈಗೆ ಕೊಟ್ಟದ್ದೂ ನಾನೇ.