ಕೂಪಿನ ಗೇಟು ತೆರೀತು, ಅಮೀನಾ

ಖಾನಾಪುರ ತಾಲೂಕ, ನಮ್ಮ ಕೇರಿಯಿಂದ
೪ ಡಿಸೆಂಬರ್ ೧೯೮೩

ಪ್ರೀತಿಯ ತಂಗಿ ಅಮೀನಾಗ ನಿನ್ನ ಆಪಾ ಇಮಾಮಬೀ ಮಾಡೂ ಸಲಾಮ.

ಮಚ್ಛೆದಾಗ ನೀ ಆರಾಮ ಇದ್ದೀ ಅಂತ ತಿಳದೀನಿ. ಕಾರಖಾನೆ ಕೆಲಸ ಹೆಂಗ ನಡದೈತಿ? ನಿನ್ನ ಪತ್ರ ಬಂದಾಗ ಹೊರಗ ಮಳಿ ಹೊಡೀತಿತ್ತು, ನಾ ಬರ್ಯಾಕ ಕುಂತದ್ದು ಈಗ. ಸಿಟ್ಟಾಗಬ್ಯಾಡ. ಮೊದಲ ಭತ್ತದ ನಾಟಿ, ಆಮ್ಯಾಲ ಅಮ್ಮಾಗ ಕೆಮ್ಮು, ಅದರ ಬೆನ್ನಿಗೇ ಒಂದು ದೊಡ್ಡ ಗದ್ದಲ. ಇಬ್ಬರೂ ಒಂದಽ ಪಾಟಿ ಮ್ಯಾಲ ಅಕ್ಷರ ಕಲ್ತೀವಿ, ಆದರ ನಿನ್ನ ಅಕ್ಷರ ಮುತ್ತಿನಂಗ, ನಂದು ಕೋಳಿ ಕೆದರಿದಂಗ. ಹೆಂಗರೆ ಮಾಡಿ ಓದ್ಕೊ.

ಅಮ್ಮಾ ಸುಧಾರಿಸ್ಯಾಳ. ರೊಟ್ಟಿ ಬ್ಯಾಡಂತಾಳ, ಗಂಜಿ ಕುಡೀತಾಳ. ದಿನಾ ಮುಂಜಾನೆ ನಿನ್ನ ಹೆಸರು ತಗೀತಾಳ.

ಗದ್ದಲ ಏನಂದ್ರ, ಅಡವ್ಯಾಗ ಕಟಗಿ ಕಡಿಯೂ ಕೂಪಿನ ಗೇಟಿಂದು. ಬಾಳಾಸಾಹೇಬ ಅಡವಿ ಕಟಗಿ ಗುತ್ತಿಗಿ ಹಿಡದಾಗ ನಮ್ಮ ದಾರಿಗೆ ಹಾಕಿದ ಗೇಟು ಹಂಗಽ ಇತ್ತು, ಎರಡೂ ಬಾಜೂಕ ತೋಡಿದ ತಗ್ಗೂ ಹಂಗಽ. ಒಬ್ಬರು ಮೈ ಹಿಂಡ್ಕೊಂಡು ತೂರಬಹುದಿತ್ತು, ತಲಿ ಮ್ಯಾಲ ಹೊರಿ ಇದ್ದರ ಆಗತಿರಲಿಲ್ಲ. ಲಾರಿ ಬಂದ್ರ ಅಷ್ಟಽ ಕೀಲಿ ತೆಗೀತಿದ್ದರು.

ಭತ್ತ ಹಾಲು ಕಟ್ಟೂ ಹೊತ್ತಿಗೆ ಬಾಜೂ ಮನಿ ಕಾಶವ್ವನ ಸೊಸಿ ಗಂಗಾದೇವಿಗೆ ಬ್ಯಾನಿ ಸುರುವಾತು. ಕೂಸು ಅಡ್ಡ ಇತ್ತು. ಗಂಡಸರೆಲ್ಲಾ ಕೂಪಿನ್ಯಾಗ ಕೆಲಸಕ್ಕ ಹೋಗಿದ್ದರು. ನಾವು ಹೆಂಗಸರಽ ಕೌದಿಯಾಗ ಆಕಿನ್ನ ಹಾಕ್ಕೊಂಡು, ಬಿದಿರಿಗೆ ಕಟ್ಟಿ, ಹೊತ್ತು ನಡದೀವಿ. ಗೇಟಿಗೆ ಕೀಲಿ. ಕಾವಲಿನ ಗುರುಪಾದಪ್ಪ ಕೈ ಮುಗದು ನಿಂತ. "ಕೀಲಿ ಮಾಲಕರ ಹಂತ್ಯಾಕ ಐತವ್ವಾ, ಅವರು ಖಾನಾಪುರದಾಗ ಅದಾರ. ನಾ ಏನ ಮಾಡ್ಲಿ?"

ಕಾಶವ್ವ ಅವನ ಜೋಡಿ ವಾದಾ ಮಾಡಲಿಲ್ಲ. ಸೊಸಿನ್ನ ನೆರಳಾಗ ಇಳಿಸಿ, ಗೇಟಿನ ತೊಲಿಗೆ ಹೆಗಲು ಕೊಟ್ಟಳು. "ಕೀಲಿ ಆ ಕಡೆ ಐತಿ, ಬುಡ ಈ ಕಡೆ ಐತಿ. ಬುಡ ಎತ್ರಿ," ಅಂದಳು. ಎಲ್ಲಾರೂ ಹೆಗಲು ಕೊಟ್ಟೀವಿ. ಬುಡದ ಕಂಬ ಕಿತ್ತು ಬಂತು, ಗೇಟು ಅಡ್ಡ ಬಿತ್ತು. ಡಾಂಬರ ರಸ್ತೆದಾಗ ಹಾಲಿನ ಗಾಡಿ ಸಿಕ್ತು. ಖಾನಾಪುರ ದವಾಖಾನಿಯಾಗ ಗಂಡು ಹುಟ್ಟೇತಿ, ತಾಯಿ ಮಗಾ ಇಬ್ಬರೂ ಆರಾಮ ಅದಾರ.

ಮರುದಿನ ಬಾಳಾಸಾಹೇಬ ನಮ್ಮ ಮ್ಯಾಲ ಪೊಲೀಸ ಕಂಪ್ಲೇಂಟ ಕೊಟ್ಟ. ಕೇರಿ ಗಂಡಸರಿಗೆ ಅಂಜಿಕಿ ಬಂತು, ಅನ್ನ ಹಾಕೂ ಕೂಪು ಅವನದು. ಹಿರಿಯಾ ಕಲಂದರ ಚಾಚಾ ಪಂಚಾಯ್ತಿ ಕೂಡಿಸಿ, "ಹೆಂಗಸರು ಹೋಗಿ ತಪ್ಪಾತು ಅಂತ ಹೇಳಿ ಬರ್ಲಿ," ಅಂದ. ನಾವು ಕರೀದಽ ಹೋಗಿ ಕುಂತೀವಿ. ಪಂಚಾಯ್ತ್ಯಾಗ ಹೆಂಗಸರು ಕುಂದರೂದು ಪದ್ಧತಿ ಅಲ್ಲ ಅಂದರು. ಕಾಶವ್ವ ತಣ್ಣಗ ಹೇಳಿದಳು: "ಹಡಿಯಾವ್ರು ನಾವು, ನೀರು ಕಟಗಿ ಹೊರಾವ್ರೂ ನಾವು. ದಾರಿ ಮಾತು ಬಂದಾಗ ನಾವು ಬ್ಯಾಡೇನು?" ಒಬ್ಬಿಬ್ಬರು ಸರದು ಜಾಗಾ ಬಿಟ್ಟರು. ನಮ್ಮ ಮನಿಯಾಂವ ಗನಿ ಮಾತ್ರ ಎದ್ದು ಹೋದ.

ತಪ್ಪಾತು ಅನ್ನಾಕ ನಾವು ಹೋಗಲಿಲ್ಲ. ಬಸ್ಸು ಹತ್ತಿ ಬೆಳಗಾವಿಗೆ ಹೋದೀವಿ, ಫಾರೆಸ್ಟ ಇಲಾಖೆ ದೊಡ್ಡ ಸಾಹೇಬರ ಆಫೀಸಿಗೆ. ಅಲ್ಲಿ ಕಾರಕೂನ ನಮ್ಮ ಗುಂಗುರ ಕೂದಲಾ ನೋಡಿ, "ಎಲ್ಲಿಂದ ಬಂದೀರಿ, ಆಫ್ರಿಕಾದಿಂದೇನು?" ಅಂತ ನಕ್ಕ. ಕಾಶವ್ವ, "ಇಲ್ಲರಿ, ಖಾನಾಪುರದ ಬಸ್ಸಿಗೆ ಬಂದೀವಿ," ಅಂದಳು. ಅಂವ ಎದ್ದು ಸಾಹೇಬರ ಬಾಗಲಾ ತೋರಿಸಿದ.

ಸಾಹೇಬ ವಯಸ್ಸಿನಾಂವ, ಕುಂದರ್ರಿ ಅಂದ. ಕುರ್ಚಿ ಮ್ಯಾಲ ಕುಂದರಾಕ ನಮಗ ಗೊತ್ತಾಗಲಿಲ್ಲ, ತುದಿಗೆ ಕುಂತೀವಿ. ಕಾಶವ್ವ ನನ್ನ ಮುಂದ ಮಾಡಿದಳು ಅಮೀನಾ. ನಾನಽ ಹೇಳಿದೆ: "ಸಾಹೇಬ್ರ, ನಾವು ಸಿದ್ದಿ ಹೆಂಗಸರು. ಆ ದಾರಿ ನಮ್ಮ ನಾನಿ, ನಾನಿಯ ನಾನಿ ತುಳದ ದಾರಿ. ಜೇನು, ಸೀಗಿಕಾಯಿ, ಒಣಗಿದ ಕಟಗಿ, ಎಲ್ಲಾ ಅದರ ಮ್ಯಾಲಿಂದಽ ಬರತಾವು. ಗೇಟು ಹಾಕೂವಾಗ ನಮ್ಮನ್ನ ಯಾರೂ ಕೇಳಲಿಲ್ಲ. ದಾರಿ ನಮಗ ಕೊಡ್ರಿ ಅಂತ ಬಂದಿಲ್ಲ. ನಮ್ಮದು ಐತಿ ಅಂತ ಹೇಳಾಕ ಬಂದೀವಿ." ಅಷ್ಟು ಮಾತು ನನ್ನೊಳಗ ಎಲ್ಲಿತ್ತೋ ಏನೋ.

ದೀಪಾವಳಿ ಮುಗದ ಮ್ಯಾಲ ಹುಕುಮ ಬಂತು. ಗೇಟಿಗೆ ಕೀಲಿ ಹಾಕಂಗಿಲ್ಲ, ತಗ್ಗು ಮುಚ್ಚಬೇಕು, ಒಣ ಕಟಗಿ ಹೊರಿ ತಡೀಬಾರದು. ಕಂಪ್ಲೇಂಟೂ ಬಿದ್ದು ಹೋತು. ಗುರುಪಾದಪ್ಪ ತಾನಽ ಸಲಿಕಿ ತಗೊಂಡು ತಗ್ಗು ಮುಚ್ಚಿದ. ಈಗ ಪಂಚಾಯ್ತ್ಯಾಗ ನಮಗೂ ಚಾಪಿ ಹಾಸತಾರ. ಕಲಂದರ ಚಾಚಾ ಇನ್ನೂ ಮುಖಾ ಕೊಟ್ಟು ಮಾತಾಡೂದಿಲ್ಲ, ಅದೂ ಆಗತೈತಿ.

ಆದರ ಎಲ್ಲಾ ಛಲೋ ಆತು ಅಂತ ಬರದ್ರ ಖರೇ ಆಗೂದಿಲ್ಲ. ಬಾಳಾಸಾಹೇಬ ಈ ವರ್ಷ ನಮ್ಮ ಕೇರಿಯವರಿಗೆ ಕೆಲಸ ಕೊಟ್ಟಿಲ್ಲ. ಗನಿ ಬಾಳ ದಿವಸ ನನ್ನ ಜೋಡಿ ಮಾತು ಬಿಟ್ಟಿದ್ದ. ಮೊನ್ನೆ ಉಣ್ಣೂವಾಗ, "ನಿನ್ನ ಮಾತು ಕೇಳಿ ಸಾಹೇಬ ಎದ್ದು ನಿಂತನಂತ, ಹೌದೇನು?" ಅಂದ. "ಎದ್ದು ನಿಲ್ಲಲಿಲ್ಲ, ಚಹಾ ತರಿಸಿದ," ಅಂದೆ. ಆಗ ಅವನಿಗೆ ನಗಿ ಬಂತು. ಸೋಮವಾರ ಅಂವ ಕೆಲಸ ಹುಡುಕಾಕ ಮಚ್ಛೆಗೆ ಬರಾಂವ ಅದಾನ, ಈ ಪತ್ರ ಅವನ ಕೈಯಾಗಽ ಕೊಡತೀನಿ. ಜೋಡಿಗೆ ಒಂದು ಬಾಟ್ಲಿ ಜೇನೂ ಐತಿ. ಅವನ ಕೆಲಸಕ್ಕ ಎಲ್ಲೆರೆ ಹೇಳಿ ನೋಡು.

ಅಲ್ಲಾಹ ನಿನ್ನ ತಂಪಾಗಿ ಇಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮಾನ ಕೈ ನಿನ್ನ ತಲಿ ಮ್ಯಾಲ ಐತಿ ಅಂತ ತಿಳಕೊ.

ನಿನ್ನ ಆಪಾ
ಇಮಾಮಬೀ

ತಾ.ಕ. ಇಲ್ಲಿಂದ ಮುಂದ ನೀ ಒಬ್ಬಾಕೀನಽ ಇದ್ದಾಗ ಓದು. ಸಾಹೇಬ ಕೇಳಿದ ಒಂದು ಮಾತು ನಾ ಮ್ಯಾಲ ಬರೀಲಿಲ್ಲ. "ಈ ಗೇಟಿನ ಸಲುವಾಗಿ ಯಾರದರೆ ಜೀವಾ ಹೋಗೇತೇನು?" ಅಂದ. ಕಾಶವ್ವ ನನ್ನ ಕೈ ಹಿಡಿದಳು. ಮೂರು ವರ್ಷ ಆತು, ಆ ಮಾತು ನೀನೂ ಆಡಿಲ್ಲ, ನಾನೂ ಆಡಿಲ್ಲ. ಆಡಿದೆ. ನನ್ನ ತಂಗಿನ್ನ ಹಿಂಗಽ ಹೊತ್ತು ತಂದಿದ್ದೀವಿ, ಕೀಲಿ ಬರೂದ ಕಾಯ್ಕೋತ ಗೇಟಿನ ಬುಡಕಽ ಹಡದಳು, ಹೆಣ್ಣು ಕೂಸು, ನನ್ನ ಸೆರಗಿನ್ಯಾಗ ಒಮ್ಮೆ ಅತ್ತಿತ್ತು ಅಂದೆ. ಅಂವ ಪೆನ್ನು ಹಿಡದು, "ಕೂಸಿನ ಹೆಸರು?" ಅಂದ. ಹೆಸರಿಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ, ಅಮೀನಾ. ಬಿಲ್ಕೀಸ ಅಂದೆ. ಅಂವ ಹಂಗಽ ಬರಕೊಂಡ.

ನಿನ್ನ ಕೇಳದಽ ನಿನ್ನ ಮಗಳಿಗೆ ಹೆಸರಿಟ್ಟೀನಿ. ನೀ ಮನಸಿನ್ಯಾಗ ಬ್ಯಾರೆ ಹೆಸರಿಂದ ಕರೀತಿದ್ದರ ಬರದು ಕಳಸು, ನಾ ಮತ್ತ ಬೆಳಗಾವಿಗೆ ಹೋಗಿ ತಿದ್ದಿಸಿ ಬರತೀನಿ.