ಕಂದು ಪಂಪು

ಅಪ್ಪಾಜಿಯವರಿಗೆ ಗಂಗೋತ್ರಿಯ ನಮಸ್ಕಾರಗಳು.

ನನ್ನನ್ನು ವಾರ್ಡಿನೊಳಗೆ ಬಿಡುತ್ತಿಲ್ಲ. ನಿಮ್ಮ ಉಬ್ಬಸದ ಕಂದು ಪಂಪಿನ ಜೊತೆ ಈ ಪತ್ರವನ್ನು ನರ್ಸ್ ಕೈಗೆ ಕೊಡುತ್ತಿದ್ದೇನೆ. "ಇದರಾಗ ಬರೇ ಗಾಳಿ ಐತಿ" ಎಂದು ನೀವು ಅದನ್ನು ಸಿರುಗುಪ್ಪದ ಮನೆಯಲ್ಲಿ ವಿಭೂತಿ ಡಬ್ಬಿಯ ಹಿಂದೆ ಇಟ್ಟುಬಿಟ್ಟಿದ್ದಿರಿ. ರೈಸ್‌ಮಿಲ್ಲಿನ ಕೆಲಸದಲ್ಲಿ ಧೂಳಿಗೆ ಉಬ್ಬಸ ಎದ್ದಾಗೆಲ್ಲ, ತಕ್ಷಣ ಆರಾಮ ಕೊಡುವ ನೀಲಿ ಪಂಪನ್ನೇ ದಿನಕ್ಕೆ ಹತ್ತು ಸಲ ಎಳೆದಿರಿ.

ಬೈಯುವ ಶಕ್ತಿ ಉಳಿದಿಲ್ಲ, ಪಾಠ ಹೇಳುತ್ತೇನೆ. ಶ್ವಾಸನಾಳದ ಜೀವಕೋಶಗಳ ಪೊರೆಯಲ್ಲಿ ಔಷಧಿಯನ್ನು ಗುರುತಿಸುವ ಗ್ರಾಹಕಗಳಿರುತ್ತವೆ, ಏಳು ಸಲ ಒಳಹೊರಗೆ ಹೊಲಿದ ದಾರದಂತೆ. ನೀಲಿ ಔಷಧಿ ಹೊರಗಿನಿಂದ ತಟ್ಟಿದರೆ ಅವು ಒಳಗಿನ ಜಿ ಪ್ರೋಟೀನ್ ಎಂಬ ದೂತನಿಗೆ ಸುದ್ದಿ ಮುಟ್ಟಿಸುತ್ತವೆ, ನಾಳ ಸಡಿಲಾಗಿ ಉಸಿರು ಸರಾಗವಾಗುತ್ತದೆ. ಮೇಲಿಂದ ಮೇಲೆ ತಟ್ಟಿದರೆ ದಣಿದು ಒಳಗೆ ಸರಿಯುತ್ತವೆ. ಅವನ್ನು ಮತ್ತೆ ಬಾಗಿಲಿಗೆ ತರುವುದು ಕಂದು ಪಂಪು. ದಿನಾ ಎರಡು ಹೊತ್ತು ಎಳೆಯಿರಿ, ಆಮೇಲೆ ಬಾಯಿ ಮುಕ್ಕಳಿಸಿ.

ನಿನ್ನೆ ಬಳ್ಳಾರಿಯ ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತಿದ್ದೆ. ನೀವು ಹನ್ನೊಂದು ಸಲ ಫೋನ್ ಮಾಡಿದಿರಿ. ದಿನಾ ಮಾಡುತ್ತೀರಲ್ಲ ಎಂದು ಎತ್ತಲಿಲ್ಲ. ಹನ್ನೆರಡನೆಯದು ತಮ್ಮ ವೀರೇಶನದು: "ಅಕ್ಕಾ, ಅಪ್ಪಾಜಿಗೆ ಉಸಿರು ಕಟ್ಟೈತಿ, ದವಾಖಾನಿಗೆ ಬಾ."

ಎಚ್ಚರವಾದಾಗ ಒಂದೇ ಸಲ ಕರೆಯಿರಿ. ಬಾಗಿಲಲ್ಲೇ ಕೂತಿದ್ದೇನೆ.

ನಿಮ್ಮ ಮಗಳು,
ಗಂಗೋತ್ರಿ